ಕೊನೆಯ ತೂಬಿನ ಲೆಕ್ಕ

ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗದಲ್ಲಿ ಹೊಲವುಳ್ಳ ರೈತನೊಬ್ಬನನ್ನು ಮಾತನಾಡಿಸಿ ನೋಡಿರಿ. "ಈ ವರ್ಷ ಜಲಾಶಯ ತುಂಬಿದೆಯಂತೆ, ನಿಮಗೆ ಸಂತೋಷವಾಗಿರಬೇಕು" ಎಂದರೆ ಅವನು ನಸುನಗುತ್ತಾನೆ. ಹೊಸಪೇಟೆಯ ಬಳಿಯ ಜಲಾಶಯದಲ್ಲಿ ಎಷ್ಟು ನೀರಿದೆಯೆಂಬುದು ಅವನಿಗೆ ತಿಳಿಯದ ಸಂಗತಿಯಲ್ಲ. ಪತ್ರಿಕೆಯಲ್ಲಿ ಓದಿಯೇ ಇರುತ್ತಾನೆ. ಆದರೆ ಅವನ ಭತ್ತದ ಗದ್ದೆ ತೋಯುವುದು ಜಲಾಶಯದ ಅಂಕಿಯಿಂದಲ್ಲ, ತನ್ನ ಹೊಲದ ತೂಬಿಗೆ ಬರುವ ನೀರಿನಿಂದ. ಕಾಲುವೆಯ ಮೇಲ್ಭಾಗದಲ್ಲಿ ನೀರು ದಡ ಮುಟ್ಟಿ ಹರಿಯುತ್ತಿರುವಾಗಲೇ ಕೆಳಭಾಗದ ತೂಬು ಒಣಗಿ ನಿಂತಿರಬಹುದು. "ಒಟ್ಟಿನಲ್ಲಿ ನೋಡಿದರೆ ನೀರು ಸಾಕಷ್ಟಿದೆ" ಎಂಬ ಮಾತು ಒಣಗುತ್ತಿರುವ ಪೈರಿಗೆ ಯಾವ ಸಮಾಧಾನವನ್ನೂ ಹೇಳಲಾರದು.

ನೀರಿನ ವಿಷಯದಲ್ಲಿ ಸಾಮಾನ್ಯ ರೈತನಿಗೂ ತಿಳಿದಿರುವ ಈ ಸತ್ಯವನ್ನು ರೋಗದ ವಿಷಯದಲ್ಲಿ ನಾವು ಮರೆತೆವು. 2020 ಮತ್ತು 2021ರಲ್ಲಿ ಕೋವಿಡ್ ಎಂಬ ಮಹಾಸಾಂಕ್ರಾಮಿಕವು ಲೋಕವನ್ನೆಲ್ಲ ವ್ಯಾಪಿಸಿದಾಗ, ದೇಶದ ಲೆಕ್ಕ, ರಾಜ್ಯದ ಲೆಕ್ಕ, ಜಿಲ್ಲೆಯ ಲೆಕ್ಕಗಳು ಪ್ರತಿದಿನ ಸಂಜೆ ನಮ್ಮ ಕಿವಿಗೆ ಬೀಳುತ್ತಿದ್ದವು. ಆದರೆ "ನನ್ನ ಊರಿನಲ್ಲಿ, ನನ್ನ ಬೀದಿಯ ಸುತ್ತಮುತ್ತ ಈ ವಾರ ರೋಗ ಏರುತ್ತಿದೆಯೆ, ಇಳಿಯುತ್ತಿದೆಯೆ?" ಎಂಬ ಸರಳವಾದ ಪ್ರಶ್ನೆಗೆ ಉತ್ತರ ದೊರೆಯುವುದು ಕಷ್ಟವಾಗಿತ್ತು. ಸಾಂಕ್ರಾಮಿಕ ರೋಗ ಬಂದಾಗ ಪ್ರತಿಯೊಂದು ಊರಿಗೂ ತನ್ನದೇ ಆದ ಲೆಕ್ಕವಿರಬೇಕು. ಆ ಲೆಕ್ಕ ಊರಿನವರಿಗೆ ತಿಳಿಯಬೇಕು. ಅದು ಸತ್ಯವಾಗಿರುವಂತೆ ನೋಡಿಕೊಳ್ಳುವುದು ಊರಿನವರೆಲ್ಲರ ಹೊಣೆಯಾಗಬೇಕು. ಇದು ನನ್ನ ಅಭಿಪ್ರಾಯ. ಇದಕ್ಕೆ ಕಾರಣಗಳನ್ನು ರಾಯಚೂರು ಜಿಲ್ಲೆಯ ಮೂರು ಊರುಗಳನ್ನು ಮುಂದಿಟ್ಟುಕೊಂಡು ವಿವರಿಸುತ್ತೇನೆ.

ಸಿಂಧನೂರು, ಮಸ್ಕಿ, ಲಿಂಗಸುಗೂರು ಇವು ಒಂದೇ ಹೆದ್ದಾರಿಯ ಮೇಲೆ ಸಾಲಾಗಿ ನಿಂತಿರುವ ಊರುಗಳು. ಸಿಂಧನೂರು ಭತ್ತದ ಸೀಮೆ. ಅಕ್ಕಿ ಗಿರಣಿಗಳ, ದೊಡ್ಡ ಸಂತೆಯ, ನಾಟಿ ಮತ್ತು ಕೊಯ್ಲಿನ ಕಾಲದಲ್ಲಿ ಹೊರಗಿನಿಂದ ಬಂದು ಸೇರುವ ಕೂಲಿಕಾರರ ಊರು. ಲಿಂಗಸುಗೂರು ತಾಲ್ಲೂಕಿನಲ್ಲಿ ಹಟ್ಟಿಯ ಚಿನ್ನದ ಗಣಿಯಿದೆ. ಇವೆರಡರ ನಡುವೆ ಇರುವ ಮಸ್ಕಿ ಅಶೋಕನ ಶಾಸನದಿಂದ ಪ್ರಸಿದ್ಧವಾದದ್ದು. ಈ ಊರುಗಳಿಂದ ಜಿಲ್ಲಾಕೇಂದ್ರವಾದ ರಾಯಚೂರು ಬಹು ದೂರ. ಸಿಂಧನೂರಿನಿಂದಾಗಲಿ ಲಿಂಗಸುಗೂರಿನಿಂದಾಗಲಿ ಸುಮಾರು 90 ಕಿಲೋಮೀಟರು. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ ಸುಮಾರು 19 ಲಕ್ಷ. ಇಷ್ಟು ವಿಸ್ತಾರವಾದ ಜಿಲ್ಲೆಯಲ್ಲಿ ರೋಗವು ಎಲ್ಲ ಊರುಗಳಿಗೂ ಒಂದೇ ದಿನ ಬಂದು, ಒಂದೇ ದಿನ ಹೋಗುತ್ತದೆಂದು ಭಾವಿಸಲು ಆಧಾರವೇನಿದೆ?

ನಡೆದ ಸಂಗತಿಯನ್ನೇ ನೆನೆಯೋಣ. 2020ರ ಮಾರ್ಚ್ ತಿಂಗಳಲ್ಲಿ ನೆರೆಯ ಕಲಬುರಗಿಯಲ್ಲಿ ವೃದ್ಧರೊಬ್ಬರು ತೀರಿಕೊಂಡರು. ದೇಶದಲ್ಲಿ ಕೋವಿಡ್‌ನಿಂದ ಆದ ಮೊದಲ ಮರಣವೆಂದು ಅದು ದೃಢಪಟ್ಟಿತು. ಆ ತಿಂಗಳ 25ರಿಂದ ದೇಶವೆಲ್ಲ ಬಾಗಿಲು ಮುಚ್ಚಿತು. ಮೇ 1ರಂದು ಪ್ರಕಟವಾದ ಪಟ್ಟಿಯಲ್ಲಿ ರಾಯಚೂರು ಜಿಲ್ಲೆ ಹಸಿರು ವಲಯದಲ್ಲಿತ್ತು. ಅದೇ ತಿಂಗಳಲ್ಲಿ ಮುಂಬಯಿ ಮೊದಲಾದ ನಗರಗಳಿಗೆ ದುಡಿಯಲು ಹೋಗಿದ್ದ ಜನ ಊರಿಗೆ ಮರಳತೊಡಗಿದರು. ಹಸಿರು ಬಣ್ಣ ಅಳಿಯತೊಡಗಿತು. ದುಡಿಯಲು ಹೋದವರದು ತಪ್ಪಲ್ಲ; ಕೂಲಿ ನಿಂತ ಮೇಲೆ ತವರಿಗೆ ಮರಳದೆ ಅವರು ಇನ್ನೆಲ್ಲಿಗೆ ಹೋಗಬೇಕಾಗಿತ್ತು? ಆದರೆ ಯಾವ ತಾಲ್ಲೂಕಿಗೆ ಎಷ್ಟು ಜನ ಮರಳಿದರು, ಯಾವ ಊರಿನಲ್ಲಿ ಪರೀಕ್ಷೆ ಹೆಚ್ಚು ಬೇಕು ಎಂಬುದು ಊರೂರಿನ ಲೆಕ್ಕವೇ ಹೊರತು ಜಿಲ್ಲೆಯ ಬಣ್ಣದಿಂದ ತಿಳಿಯತಕ್ಕದ್ದಲ್ಲ. ಮರುವರ್ಷ ಎರಡನೆಯ ಅಲೆ ಬಂತು. 2021ರ ಮೇ 5ರಂದು ರಾಜ್ಯದಲ್ಲಿ ಒಂದೇ ದಿನ 50,112 ಜನರಿಗೆ ಸೋಂಕು ದೃಢಪಟ್ಟಿತು. ಆ ದಿನದ ರಾಜ್ಯ ಪ್ರಕಟಣೆಯಲ್ಲಿಯೂ ಎಂದಿನಂತೆ ಅಂಕಿಗಳು ಜಿಲ್ಲೆಗೊಂದರಂತೆ ಇದ್ದವು.

ಜಿಲ್ಲೆಯ ಅಂಕಿಯಿಂದ ಆಗುವ ತೊಂದರೆಯೇನು? ಗಣಿತದ ಒಂದು ಚಿಕ್ಕ ಲೆಕ್ಕದಿಂದ ಅದನ್ನು ತಿಳಿಯಬಹುದು. ಇದು ಕೇವಲ ಊಹೆಯ ಲೆಕ್ಕವೆಂಬುದನ್ನು ನೆನಪಿಡಿರಿ. ಒಂದು ಜಿಲ್ಲೆಯಲ್ಲಿ ಒಂದು ದಿನ 2,000 ಜನರನ್ನು ಪರೀಕ್ಷಿಸಿದರೆಂದೂ ಅವರಲ್ಲಿ 100 ಜನರಿಗೆ ಸೋಂಕು ಇದ್ದಿತೆಂದೂ ಇಟ್ಟುಕೊಳ್ಳೋಣ. ಪರೀಕ್ಷೆಗೆ ಒಳಗಾದ ಪ್ರತಿ ನೂರು ಜನರಲ್ಲಿ ಎಷ್ಟು ಮಂದಿಗೆ ಸೋಂಕು ಕಂಡುಬಂದಿತೆಂಬುದನ್ನು ಪಾಸಿಟಿವಿಟಿ ಪ್ರಮಾಣ ಎನ್ನುತ್ತಾರೆ. ಇಲ್ಲಿ ಅದು ಶೇಕಡ 5. ಈಗ ಇದೇ ಲೆಕ್ಕವನ್ನು ಊರೂರಿಗೆ ಬಿಡಿಸಿ ನೋಡೋಣ. ಜಿಲ್ಲಾಕೇಂದ್ರದಲ್ಲಿ 1,200 ಪರೀಕ್ಷೆ, 30 ಸೋಂಕು. ಪ್ರಮಾಣ ಶೇಕಡ ಎರಡೂವರೆ. ಎರಡನೆಯ ಊರಿನಲ್ಲಿ 600 ಪರೀಕ್ಷೆ, 30 ಸೋಂಕು. ಪ್ರಮಾಣ ಶೇಕಡ 5. ಮೂರನೆಯ ಊರಿನಲ್ಲಿ 200 ಪರೀಕ್ಷೆ, 40 ಸೋಂಕು. ಪ್ರಮಾಣ ಶೇಕಡ 20! ಜಿಲ್ಲೆಯ ಸರಾಸರಿ ಶಾಂತವಾಗಿದೆ. ಮೂರನೆಯ ಊರು ಉರಿಯುತ್ತಿದೆ. ಆ ಊರಿನ ಜನ ಜಿಲ್ಲೆಯ ಅಂಕಿಯನ್ನು ಕೇಳಿ, ನಿಶ್ಚಿಂತೆಯಿಂದ ಮದುವೆಯ ಚಪ್ಪರ ಹಾಕಿಸುತ್ತಿರಬಹುದು.

ಇದು ಕೇವಲ ತರಗತಿಯ ಲೆಕ್ಕವೆಂದು ತಳ್ಳಿಹಾಕುವಂತಿಲ್ಲ. 2021ರ ಜೂನ್ ತಿಂಗಳಲ್ಲಿ ರಾಜ್ಯವು ನಿರ್ಬಂಧಗಳನ್ನು ಸಡಿಲಿಸತೊಡಗಿದಾಗ, ಜಿಲ್ಲೆಯ ಪಾಸಿಟಿವಿಟಿ ಪ್ರಮಾಣ ಶೇಕಡ 5ಕ್ಕಿಂತ ಕಡಿಮೆಯೋ ಹೆಚ್ಚೋ ಎಂಬುದೇ ಮುಖ್ಯವಾದ ಅಳತೆಗೋಲಾಗಿತ್ತು. ಅಂಗಡಿ ಎಷ್ಟು ಹೊತ್ತು ತೆರೆದಿರಬೇಕು, ಬಸ್ಸು ಓಡಬೇಕೆ ಬೇಡವೆ ಎಂಬ ನಿರ್ಧಾರಗಳು ಆ ಒಂದು ಅಂಕಿಯ ಮೇಲೆ ನಿಂತಿದ್ದವು. ಅಂಥ ಅಳತೆಗೋಲು ಇದ್ದದ್ದು ಒಳ್ಳೆಯದೇ. ಮನಬಂದಂತೆ ನಿರ್ಧರಿಸುವುದಕ್ಕಿಂತ ಅಳೆದು ನಿರ್ಧರಿಸುವುದು ಮೇಲು. ಆದರೆ ಜಿಲ್ಲೆಯ ಉದ್ದಕ್ಕೂ ಒಂದೇ ಕೋಲಿನಿಂದ ಅಳೆದಾಗ, ಶಾಂತವಾಗಿದ್ದ ಊರಿನ ಬಡ ವ್ಯಾಪಾರಿ ವ್ಯರ್ಥವಾಗಿ ಬಾಗಿಲು ಮುಚ್ಚಬೇಕಾಗಬಹುದು. ಉರಿಯುತ್ತಿದ್ದ ಊರಿನ ಸಂತೆ ತೆರೆದೇ ಇರಬಹುದು. ಒಬ್ಬರಿಗೆ ಅನ್ನ ಹೋಯಿತು, ಇನ್ನೊಬ್ಬರಿಗೆ ಪ್ರಾಣ ಹೋಯಿತು. ಅಳತೆಯ ಸೂಕ್ಷ್ಮತೆಯೆಂಬುದು ಪಂಡಿತರ ಚರ್ಚೆಯ ವಿಷಯವಲ್ಲ, ಬಡವರ ಬದುಕಿನ ವಿಷಯ.

ಇನ್ನೊಂದು ಮೋಸವಿದೆ. ಮೇಲೆ ಹೇಳಿದ ಮೂರನೆಯ ಊರಿನಲ್ಲಿ ಮರುದಿನ ಜನ ಹೆದರಿ ಪರೀಕ್ಷೆಗೆ ಬರಲಿಲ್ಲವೆಂದು ಭಾವಿಸಿರಿ. 200ರ ಬದಲು 20 ಜನ ಮಾತ್ರ ಬಂದರು. ಅವರಲ್ಲಿ ನಾಲ್ವರಿಗೆ ಸೋಂಕಿತ್ತು. "ನಿನ್ನೆ 40, ಇಂದು 4, ರೋಗ ಹತ್ತರಲ್ಲೊಂದು ಪಾಲಿಗೆ ಇಳಿಯಿತು" ಎಂದು ಯಾರಾದರೂ ಸಂತೋಷಪಟ್ಟರೆ ಅದೆಂಥ ತಪ್ಪು! ಪ್ರಮಾಣ ನಿನ್ನೆಯಂತೆಯೇ ಶೇಕಡ 20 ಇದೆ. ಪರೀಕ್ಷೆ ನಿಂತರೆ ರೋಗ ನಿಲ್ಲುವುದಿಲ್ಲ, ಲೆಕ್ಕ ಮಾತ್ರ ನಿಲ್ಲುತ್ತದೆ. ಆದುದರಿಂದ ಸೋಂಕಿತರ ಸಂಖ್ಯೆಯನ್ನು ಹೇಳುವಾಗ ಪರೀಕ್ಷೆಯಾದವರ ಸಂಖ್ಯೆಯನ್ನೂ ಹೇಳದಿದ್ದರೆ ಅದು ಅರ್ಧ ಸತ್ಯ. ಅರ್ಧ ಸತ್ಯವು ಕೆಲವೊಮ್ಮೆ ಪೂರ್ಣ ಸುಳ್ಳಿಗಿಂತ ಹೆಚ್ಚು ಅಪಾಯಕಾರಿ.

ನಮಗೆ ಕಂಡದ್ದು ಎಷ್ಟು ಸ್ವಲ್ಪವೆಂಬುದನ್ನು ನಮ್ಮ ರಾಜ್ಯವೇ ಒಮ್ಮೆ ಅಳೆದು ನೋಡಿತು. 2020ರ ಸೆಪ್ಟೆಂಬರ್ ತಿಂಗಳಲ್ಲಿ ಕರ್ನಾಟಕದ ಎಲ್ಲ ಜಿಲ್ಲೆಗಳಿಂದ ಆರಿಸಿದ 16,000ಕ್ಕೂ ಹೆಚ್ಚು ಜನರನ್ನು ಪರೀಕ್ಷಿಸಿ, ಸೋಂಕು ಬಂದು ಹೋದುದರ ಗುರುತು ರಕ್ತದಲ್ಲಿ ಇದೆಯೆ, ಸೋಂಕು ಆಗ ದೇಹದಲ್ಲಿಯೇ ಇದೆಯೆ ಎಂಬುದನ್ನು ನೋಡಲಾಯಿತು. ರಾಜ್ಯದ ಜನರಲ್ಲಿ ಶೇಕಡ 27ಕ್ಕೂ ಹೆಚ್ಚು ಮಂದಿಗೆ, ಎಂದರೆ ಸುಮಾರು 1 ಕೋಟಿ 93 ಲಕ್ಷ ಜನರಿಗೆ, ಆ ವೇಳೆಗೆ ಸೋಂಕು ತಗುಲಿತ್ತೆಂದು ಅಂದಾಜಾಯಿತು. ಆದರೆ ಅಂದಿನ ದಫ್ತರದಲ್ಲಿ ದಾಖಲಾಗಿದ್ದವರು 5 ಲಕ್ಷಕ್ಕೂ ಕಡಿಮೆ. ದಾಖಲಾದ ಒಂದು ಪ್ರಕರಣಕ್ಕೆ ಸರಿಸುಮಾರು 40 ಸೋಂಕುಗಳು! ಉಳಿದವರಲ್ಲಿ ಎಷ್ಟೋ ಮಂದಿಗೆ ರೋಗದ ಲಕ್ಷಣವೇ ಇರಲಿಲ್ಲ, ಕೆಲವರಿಗೆ ಪರೀಕ್ಷೆ ಎಟುಕಲಿಲ್ಲ, ಕೆಲವರು ಮುಚ್ಚಿಟ್ಟರು.

ಸ್ವಲ್ಪ ಜನರನ್ನು ಪರೀಕ್ಷಿಸಿ ಇಡೀ ನಾಡಿನ ಸ್ಥಿತಿಯನ್ನು ಹೇಗೆ ತಿಳಿಯಬಹುದೆಂದು ನಿಮಗೆ ಸಂದೇಹ ಬರಬಹುದು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯ ಗಣಿಗೆ ಹೋದರೆ ಈ ಸಂದೇಹ ಪರಿಹಾರವಾಗುತ್ತದೆ. ಬಂಡೆಯನ್ನೆಲ್ಲ ಪುಡಿಮಾಡಿ ನೋಡಿದ ಮೇಲೆ ಚಿನ್ನ ಎಲ್ಲಿದೆಯೆಂದು ತೀರ್ಮಾನಿಸುವುದು ಗಣಿಗಾರರ ಪದ್ಧತಿಯಲ್ಲ. ಅಲ್ಲಲ್ಲಿಂದ ಮಾದರಿಗಳನ್ನು ತೆಗೆದು, ಒಂದು ಟನ್ ಅದಿರಿನಲ್ಲಿ ಎಷ್ಟು ಗ್ರಾಂ ಚಿನ್ನ ಇರಬಹುದೆಂದು ಪರೀಕ್ಷಿಸಿ ಮುಂದುವರಿಯುತ್ತಾರೆ. ಆದರೆ ಒಂದು ನಿಯಮವನ್ನು ಅವರು ಮೀರುವುದಿಲ್ಲ: ಯಾವ ಕಡೆ ಅಗೆಯಬೇಕೆಂದಿದ್ದಾರೋ ಆ ಕಡೆಯ ಮಾದರಿಯನ್ನೇ ನೋಡುತ್ತಾರೆ. ಉತ್ತರದ ಬಂಡೆಯ ಮಾದರಿಯಿಂದ ದಕ್ಷಿಣದ ಬಂಡೆಯ ಚಿನ್ನವನ್ನು ನಿರ್ಣಯಿಸುವುದಿಲ್ಲ. ಚಿನ್ನಕ್ಕೆ ತೋರುವ ಈ ಎಚ್ಚರವನ್ನು ಮನುಷ್ಯನ ಪ್ರಾಣಕ್ಕೆ ತೋರಬಾರದೆ?

ಊರಿನ ಲೆಕ್ಕವನ್ನು ಊರಿನಲ್ಲಿಯೇ ಇಡುವುದು ಹೊಸ ವಿಚಾರವೂ ಅಲ್ಲ. ಮುಂಬಯಿಯಲ್ಲಿ 1896ರಲ್ಲಿ ಕಾಣಿಸಿಕೊಂಡ ಪ್ಲೇಗು, 1898ರ ವೇಳೆಗೆ ಹುಬ್ಬಳ್ಳಿ, ಬೆಂಗಳೂರುಗಳನ್ನು ಮುಟ್ಟಿ ಕನ್ನಡ ನಾಡನ್ನು ಬಹುಕಾಲ ಕಾಡಿತು. ಆಗ ನಮ್ಮ ಹಿರಿಯರು ಪಟ್ಟಣದಿಂದ ಬರುವ ಸುದ್ದಿಗಾಗಿ ಕಾಯಲಿಲ್ಲ. "ಇಲಿ ಬಿತ್ತು" ಎಂಬ ಎರಡು ಮಾತು ಕೇಳಿಬಂದರೆ ಸಾಕು, ಓಣಿಯ ಜನ ಗಂಟುಮೂಟೆ ಕಟ್ಟಿ, ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಇರುತ್ತಿದ್ದರು. ರೋಗಾಣುವಿನ ಹೆಸರನ್ನು ಅವರು ಕೇಳಿರಲಿಲ್ಲ. ಆದರೆ ತಮ್ಮ ಅಟ್ಟದ ಮೇಲೆ ಸತ್ತು ಬಿದ್ದ ಇಲಿಯ ಅರ್ಥವನ್ನು ಬಲ್ಲವರಾಗಿದ್ದರು. ಅದು ಓಣಿಯ ಲೆಕ್ಕ. ಅದರಿಂದ ಎಷ್ಟೋ ಜೀವಗಳು ಉಳಿದವು.

ಅದಕ್ಕೂ ಮೊದಲು, 1854ರಲ್ಲಿ, ಲಂಡನ್ ನಗರದ ಒಂದು ಬಡಾವಣೆಯಲ್ಲಿ ಕಾಲರಾ ಹಬ್ಬಿ, ಕೆಲವೇ ವಾರಗಳಲ್ಲಿ 600ಕ್ಕೂ ಹೆಚ್ಚು ಜನ ಸತ್ತರು. ಜಾನ್ ಸ್ನೋ ಎಂಬ ವೈದ್ಯನು ಮರಣಗಳನ್ನು ನೋಂದಾಯಿಸುವ ಕಚೇರಿಯಿಂದ 83 ಮರಣಗಳ ಪಟ್ಟಿಯನ್ನು ಪಡೆದು, ಸತ್ತವರು ಯಾವ ಮನೆಯವರು, ಎಲ್ಲಿಯ ನೀರು ಕುಡಿಯುತ್ತಿದ್ದರು ಎಂದು ಮನೆ ಮನೆ ವಿಚಾರಿಸಿದನು. ಮರಣಗಳು ಬ್ರಾಡ್ ಸ್ಟ್ರೀಟ್ ಎಂಬ ಬೀದಿಯ ಒಂದು ಕೈಪಂಪಿನ ಸುತ್ತ ನೆರೆದಿದ್ದವು. ಅವನ ಮಾತಿನ ಮೇಲೆ ಸ್ಥಳೀಯ ಆಡಳಿತದವರು ಆ ಪಂಪಿನ ಹಿಡಿಯನ್ನು ತೆಗೆಸಿದರು. ಲಂಡನ್ ನಗರದ ಒಟ್ಟು ಲೆಕ್ಕವನ್ನು ಮಾತ್ರ ಅವನು ನೋಡಿದ್ದರೆ ಆ ಪಂಪು ಎಂದಿಗೂ ಕಣ್ಣಿಗೆ ಬೀಳುತ್ತಿರಲಿಲ್ಲ. ರೋಗವು ಯಾವಾಗಲೂ ಒಂದು ಜಾಗದಲ್ಲಿ ಇರುತ್ತದೆ. ಜಾಗದ ಹೆಸರನ್ನು ಬಿಟ್ಟು ಎಣಿಸಿದರೆ ಅದರ ಬೇರನ್ನು ಬಿಟ್ಟು ಎಲೆಯನ್ನು ಎಣಿಸಿದಂತೆ.

ಮತ್ತೆ ನಮ್ಮ ಊರುಗಳಿಗೆ ಬರೋಣ. ಮಸ್ಕಿ ಹಿಂದೆ ಲಿಂಗಸುಗೂರು ತಾಲ್ಲೂಕಿಗೆ ಸೇರಿದ್ದ ಪಟ್ಟಣ. ಈಚಿನ ವರ್ಷಗಳಲ್ಲಿ ಲಿಂಗಸುಗೂರು, ಸಿಂಧನೂರು, ಮಾನ್ವಿ ತಾಲ್ಲೂಕುಗಳ ಹಳ್ಳಿಗಳನ್ನು ಕೂಡಿಸಿ ಮಸ್ಕಿಯನ್ನೇ ಹೊಸ ತಾಲ್ಲೂಕಾಗಿ ಮಾಡಲಾಯಿತು. ಇಂಥ ಹೊಸ ತಾಲ್ಲೂಕಿನ ಹಳ್ಳಿಗಳ ರೋಗಿಗಳನ್ನು ಹಳೆಯ ತಾಲ್ಲೂಕುಗಳ ಖಾನೆಗಳಲ್ಲಿ ಬರೆದರೆ ಏನಾಗುತ್ತದೆ? ಮೂರು ಪಟ್ಟಿಗಳಲ್ಲಿ ಮೂರು ಚಿಕ್ಕ ಅಂಕಿಗಳು ಕಾಣಿಸುತ್ತವೆ. ಒಂದೆಡೆ ಸೇರಿಸಿದ್ದರೆ ಎಚ್ಚರಿಸಬಹುದಾಗಿದ್ದ ದೊಡ್ಡ ಅಂಕಿ ಎಲ್ಲಿಯೂ ಕಾಣಿಸುವುದಿಲ್ಲ. ಸ್ವಂತ ಖಾನೆಯಿಲ್ಲದ ಊರಿನ ನೋವು ಬೇರೆಯವರ ಲೆಕ್ಕದಲ್ಲಿ ಕರಗಿಹೋಗುತ್ತದೆ.

ಮಸ್ಕಿ ವಿಧಾನಸಭಾ ಕ್ಷೇತ್ರಕ್ಕೆ 2021ರ ಏಪ್ರಿಲ್ 17ರಂದು ಉಪಚುನಾವಣೆ ನಡೆಯಿತು. ಆಗ ರಾಜ್ಯದಲ್ಲಿ ಎರಡನೆಯ ಅಲೆ ಏರುತ್ತಿತ್ತು. ಹತ್ತು ದಿನಗಳ ತರುವಾಯ, ಏಪ್ರಿಲ್ 27ರ ರಾತ್ರಿಯಿಂದ, ರಾಜ್ಯವೆಲ್ಲ ಮತ್ತೆ ಬಾಗಿಲು ಮುಚ್ಚಬೇಕಾಯಿತು. ಮೇ 2ರಂದು ಮತಗಳ ಎಣಿಕೆಯಾಯಿತು. ಆ ಚುನಾವಣೆ ಆಗ ನಡೆಯಬೇಕಾಗಿತ್ತೆ ಎಂಬ ಚರ್ಚೆಯನ್ನು ನಾನು ಇಲ್ಲಿ ಎತ್ತುವುದಿಲ್ಲ. ನಾನು ಗಮನಿಸುವುದು ಬೇರೊಂದು ಸಂಗತಿಯನ್ನು. ಆ ಕ್ಷೇತ್ರದ ಯಾವ ಮತಗಟ್ಟೆಯಲ್ಲಿ ಯಾವ ಅಭ್ಯರ್ಥಿಗೆ ಎಷ್ಟು ಮತ ಬಿತ್ತೆಂಬ ಲೆಕ್ಕ ಇಂದಿಗೂ ದೊರೆಯುತ್ತದೆ. ಒಂದು ಮತವೂ ತಪ್ಪದಂತೆ ಎಣಿಸುವ ಶಕ್ತಿ ನಮ್ಮ ಆಡಳಿತಕ್ಕೆ ಇದೆ. ಅದು ನಮ್ಮ ಹೆಮ್ಮೆ. ಮತಗಟ್ಟೆಗೊಂದರಂತೆ ಮತವನ್ನು ಎಣಿಸಬಲ್ಲ ನಾಡು, ವಾರ್ಡಿಗೊಂದರಂತೆ ರೋಗವನ್ನು ಎಣಿಸಲಾರದೆ? ಮತದಾನದ ಮುಂಜಾನೆ ಮನೆಯಿಂದ ಹೊರಡುವ ಮುದುಕಿಯೊಬ್ಬಳಿಗೆ ತನ್ನ ಊರಿನಲ್ಲಿ ಆ ವಾರ ಎಷ್ಟು ಜನಕ್ಕೆ ರೋಗವಿದೆಯೆಂದು ತಿಳಿಯುವ ಹಕ್ಕಿಲ್ಲವೆ?

ಈ ವಿಚಾರಕ್ಕೆ ಆಕ್ಷೇಪಗಳಿಲ್ಲದೆ ಇಲ್ಲ. ಊರೂರಿನ ಅಂಕಿಗಳನ್ನು ಪ್ರಕಟಿಸಿದರೆ ಜನ ಭಯಪಡುತ್ತಾರೆ ಎಂಬುದು ಮೊದಲನೆಯದು. ಆದರೆ ಅಂಕಿ ಇಲ್ಲದಿದ್ದಾಗ ಭಯ ಇರುವುದಿಲ್ಲವೆ? ಅಂಕಿಯಿಲ್ಲದ ಕಡೆ ವದಂತಿ ಹುಟ್ಟುತ್ತದೆ, ವದಂತಿಗೆ ಮೇಲ್ಮಿತಿಯಿಲ್ಲ. ಸಾವಿನ ಸುದ್ದಿ ಬಾಯಿಂದ ಬಾಯಿಗೆ ಹೋಗುವಾಗ ಒಂದು ಹತ್ತಾಗುತ್ತದೆ. "ಈ ವಾರ ನಮ್ಮ ಊರಿನಲ್ಲಿ ಇಷ್ಟು ಪರೀಕ್ಷೆ, ಇಷ್ಟು ಸೋಂಕು, ಕಳೆದ ವಾರಕ್ಕಿಂತ ಇಷ್ಟು ಹೆಚ್ಚು" ಎಂದು ಪುರಸಭೆಯ ಹಲಗೆಯ ಮೇಲೆ ಬರೆದರೆ, ಜನ ಅದನ್ನು ಓದಿ ಬುದ್ಧಿಯಿಂದ ನಡೆದುಕೊಳ್ಳುತ್ತಾರೆ. ಮಾರುಕಟ್ಟೆಯ ಹಲಗೆಯ ಮೇಲೆ ಭತ್ತ, ಹತ್ತಿಗಳ ಧಾರಣೆ ಬಿದ್ದುಹೋದುದನ್ನು ಓದಿ ಸಹಿಸುವ ರೈತನು ಈ ಅಂಕಿಯನ್ನು ಸಹಿಸಲಾರನೆ?

ಎರಡನೆಯ ಆಕ್ಷೇಪ ಇದಕ್ಕಿಂತ ಗಂಭೀರವಾದದ್ದು. ಚಿಕ್ಕ ಊರಿನ ಲೆಕ್ಕ ಹೇಳಿದರೆ ರೋಗಿ ಯಾರೆಂಬುದು ಬಯಲಾಗುತ್ತದೆ. ಇದು ನಿಜ. ಐವತ್ತು ಮನೆಗಳ ಹಳ್ಳಿಯಲ್ಲಿ "ಒಂದು ಸೋಂಕು" ಎಂದು ಬರೆದರೆ ಅದು ಅಂಕಿಯಲ್ಲ, ಹೆಸರೇ ಆಗುತ್ತದೆ. ಕೋವಿಡ್ ಕಾಲದಲ್ಲಿ ಸೋಂಕಿತರ ಮನೆಯ ಬಾಗಿಲಿಗೆ ಚೀಟಿ ಅಂಟಿಸುವ ಪದ್ಧತಿ ಅನೇಕ ಕಡೆಗಳಲ್ಲಿತ್ತು. ಆ ಚೀಟಿಯನ್ನು ನೋಡಿ ನೆರೆಯವರು ಹಾಲು, ನೀರು ಕೊಡಲೂ ಹಿಂಜರಿದರು. 2020ರ ಡಿಸೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು, ಅಧಿಕಾರವುಳ್ಳವರ ವಿಶೇಷ ಆದೇಶವಿಲ್ಲದೆ ಹಾಗೆ ಚೀಟಿ ಅಂಟಿಸಕೂಡದೆಂದು ಹೇಳಿತು. ಆದುದರಿಂದ ಎಲ್ಲಿಯವರೆಗೆ ಎಣಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬ ವಿವೇಕ ಬೇಕು. ಸಂಖ್ಯೆ ಬೇಕು, ಹೆಸರು ಬೇಡ. ಊರಿನ ಸ್ಥಿತಿ ತಿಳಿಯಲಿ, ಮನೆಯ ಗುಟ್ಟು ಉಳಿಯಲಿ. ಪಟ್ಟಣಗಳಲ್ಲಿ ವಾರ್ಡಿಗೊಂದು ಲೆಕ್ಕ, ಚಿಕ್ಕ ಹಳ್ಳಿಗಳಲ್ಲಿ ನಾಲ್ಕಾರು ಹಳ್ಳಿಗಳನ್ನು ಕೂಡಿಸಿದ ಲೆಕ್ಕ, ಅದೂ ದಿನಕ್ಕೊಂದರ ಬದಲು ವಾರಕ್ಕೊಂದು ಎಂದಾದರೆ ಎರಡೂ ಸಾಧ್ಯವಾಗುತ್ತವೆ. ವಾರದ ಲೆಕ್ಕದಿಂದ ಇನ್ನೊಂದು ಲಾಭವೂ ಉಂಟು: ಚಿಕ್ಕ ಊರಿನ ದಿನದ ಅಂಕಿ ಇಂದು ಎರಡು, ನಾಳೆ ಒಂಬತ್ತು ಎಂದು ಕುಣಿಯುತ್ತಿರುತ್ತದೆ; ಏಳು ದಿನ ಕೂಡಿಸಿದರೆ ರೋಗದ ನಿಜವಾದ ನಡೆ ಕಾಣಿಸುತ್ತದೆ.

ಲೆಕ್ಕದ ಮಾತು ಬಂದಾಗ ಮಸ್ಕಿಯ ಬಂಡೆಯನ್ನು ನೆನೆಯದಿರಲು ಸಾಧ್ಯವಿಲ್ಲ. 1915ರಲ್ಲಿ ಚಿನ್ನದ ನಿಕ್ಷೇಪವನ್ನು ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರನ ಕಣ್ಣಿಗೆ ಬಿದ್ದ ಆ ಶಾಸನದಲ್ಲಿ "ಅಶೋಕ" ಎಂಬ ಹೆಸರು ಮೊದಲ ಬಾರಿಗೆ ದೊರೆಯಿತು. ದೇಶದ ಉದ್ದಗಲಕ್ಕೂ ಹರಡಿದ್ದ ಬಂಡೆಗಳ "ದೇವಾನಾಂಪ್ರಿಯ" ಯಾರೆಂಬುದಕ್ಕೆ ಈ ಪುಟ್ಟ ಊರಿನ ಒಂದು ಕಲ್ಲು ಸಾಕ್ಷಿ ನುಡಿಯಿತು. ಅದೇ ಅಶೋಕನು ತನ್ನ ಹದಿಮೂರನೆಯ ಬಂಡೆ ಶಾಸನದಲ್ಲಿ ಕಳಿಂಗ ಯುದ್ಧದ ಲೆಕ್ಕವನ್ನು ಬರೆಸಿದ್ದಾನೆ. ಸೆರೆಸಿಕ್ಕಿ ಹೊರಕ್ಕೆ ಸಾಗಿಸಲ್ಪಟ್ಟವರು ಒಂದೂವರೆ ಲಕ್ಷ, ಯುದ್ಧದಲ್ಲಿ ಸತ್ತವರು ಒಂದು ಲಕ್ಷ, ಅನಂತರ ಸತ್ತವರು ಅದಕ್ಕೂ ಅನೇಕ ಪಾಲು ಹೆಚ್ಚು. ರಾಯಚೂರಿನ ನೆರೆಯ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿ ಆ ಶಾಸನದ ಪಾಠವಿದೆ. ತನಗೆ ಕೀರ್ತಿ ತಾರದ ಅಂಕಿಯನ್ನು ಒಬ್ಬ ಚಕ್ರವರ್ತಿ ಕಲ್ಲಿನ ಮೇಲೆ ಬರೆಸಿದುದು ಸಾಮಾನ್ಯವಾದ ಸಂಗತಿಯಲ್ಲ. ಆದರೆ ಒಂದು ವಿಶೇಷವನ್ನು ಗಮನಿಸಿರಿ. ಕಳಿಂಗ ದೇಶದಲ್ಲಿಯೇ ಇರುವ ಧೌಲಿ, ಜೌಗಡದ ಬಂಡೆಗಳಲ್ಲಿ ಈ ಹದಿಮೂರನೆಯ ಶಾಸನ ಇಲ್ಲ. ಅಲ್ಲಿ ಬೇರೆ ಶಾಸನಗಳಿವೆ. ಯಾವ ನಾಡಿನ ಜನ ಸತ್ತರೋ ಆ ನಾಡಿನ ಜನರೆದುರಿಗೆ ಆ ಲೆಕ್ಕವನ್ನು ಇಡಲಿಲ್ಲ. ಅಷ್ಟು ಧೈರ್ಯವಿದ್ದ ಅರಸನಿಗೂ ಅಷ್ಟೇ ಕಷ್ಟವಾಯಿತೇನೋ! ದೂರದವರಿಗೆ ಲೆಕ್ಕ ಹೇಳುವುದು ಸುಲಭ. ನೊಂದವರಿಗೇ ಅವರ ಲೆಕ್ಕವನ್ನು ಹೇಳುವುದು ಕಠಿಣ. ಪ್ರಜಾಪ್ರಭುತ್ವದ ಆಡಳಿತ ಈ ಕಠಿಣವಾದುದನ್ನೇ ಮಾಡಬೇಕು.

ಹೀಗೆಂದ ಮಾತ್ರಕ್ಕೆ ಹೊಣೆಯೆಲ್ಲ ಆಡಳಿತದ್ದೇ ಎಂದು ನಾವು ಕೈತೊಳೆದುಕೊಳ್ಳಲಾಗದು. ಲೆಕ್ಕ ಹುಟ್ಟುವುದು ಕಚೇರಿಯಲ್ಲಲ್ಲ, ನಮ್ಮ ಮನೆಯ ಹೊಸ್ತಿಲಲ್ಲಿ. ಕೋವಿಡ್ ಕಾಲದಲ್ಲಿ ಆಶಾ ಕಾರ್ಯಕರ್ತೆಯರು ಬಿಸಿಲಿನಲ್ಲಿ ಮನೆ ಮನೆ ತಿರುಗಿ, "ಜ್ವರ ಇದೆಯೆ? ಕೆಮ್ಮು ಇದೆಯೆ?" ಎಂದು ವಿಚಾರಿಸಿದರು. ಕೆಲವು ಮನೆಗಳವರು ಜ್ವರದಲ್ಲಿದ್ದವರನ್ನು ಒಳಗಿಟ್ಟು "ಯಾರಿಗೂ ಏನೂ ಇಲ್ಲ" ಎಂದರು. ಕೆಲವು ಕಡೆ ಆ ತಾಯಂದಿರನ್ನು ಬೈದು ಕಳುಹಿಸಿದರು. ಮುಚ್ಚಿಟ್ಟ ಒಂದು ಜ್ವರದಿಂದ ಊರಿನ ಲೆಕ್ಕ ಒಂದರಷ್ಟು ಸುಳ್ಳಾಗುತ್ತದೆ. ಸಾವಿರ ಮನೆಗಳು ಮುಚ್ಚಿಟ್ಟರೆ ಆ ಊರಿಗೆ ಆಮ್ಲಜನಕದ ಸಿಲಿಂಡರುಗಳು, ಹಾಸಿಗೆಗಳು, ವೈದ್ಯರು ಎಷ್ಟು ಬೇಕೆಂದು ಯಾರು ಹೇಳಬಲ್ಲರು? ಲೆಕ್ಕಕ್ಕೆ ಸಿಗದ ಊರಿಗೆ ನೆರವೂ ಸಿಗುವುದಿಲ್ಲ. ಮುಚ್ಚಿಟ್ಟವರನ್ನು ಮಾತ್ರ ದೂರುವುದೂ ನ್ಯಾಯವಲ್ಲ. ಹೇಳಿಕೊಂಡವರನ್ನು ನೆರೆಯವರು ದೂರವಿಟ್ಟರೆ ನಾಳೆ ಯಾರು ಹೇಳಿಕೊಳ್ಳುತ್ತಾರೆ? ರೋಗಿಯನ್ನು ಅವಮಾನಿಸದ ಊರಿನಲ್ಲಿ ಮಾತ್ರ ಸತ್ಯವಾದ ಲೆಕ್ಕ ಬೆಳೆಯುತ್ತದೆ.

ಆ ಮಹಾಮಾರಿಯ ತುರ್ತು ಸ್ಥಿತಿ ಮುಗಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ಸಾರಿತು. ಆದರೆ ರೋಗಗಳ ಕಾಲ ಮುಗಿದಿಲ್ಲ. 2024ರಲ್ಲಿ ಡೆಂಗ್ಯೂ ಹೆಚ್ಚಿದಾಗ ನಮ್ಮ ರಾಜ್ಯ ಅದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಬೇಕಾಯಿತು. ಡೆಂಗ್ಯೂ ಹರಡುವ ಸೊಳ್ಳೆ ಬಹು ದೂರ ಹಾರುವುದಿಲ್ಲ. ಅದರ ಹುಟ್ಟು ನಮ್ಮ ಬೀದಿಯ ತೊಟ್ಟಿಯಲ್ಲಿ, ಒಡೆದ ಮಡಕೆಯಲ್ಲಿ. ಅದನ್ನು ಹಿಡಿಯಲು ಜಿಲ್ಲೆಯ ಸರಾಸರಿ ಏನು ಮಾಡಬಲ್ಲದು? ಹಳ್ಳಿಯ ಆರೋಗ್ಯ ಉಪಕೇಂದ್ರದಿಂದ, ಆಸ್ಪತ್ರೆಯಿಂದ, ಪ್ರಯೋಗಾಲಯದಿಂದ ರೋಗದ ವಿವರಗಳನ್ನು ಸಂಗ್ರಹಿಸುವ ರಾಷ್ಟ್ರೀಯ ಕಾರ್ಯಕ್ರಮವೊಂದು 2004ರಿಂದ ನಮ್ಮ ದೇಶದಲ್ಲಿದೆ. ಕೆಳಗಿನಿಂದ ಮೇಲಕ್ಕೆ ಅಂಕಿಗಳನ್ನು ಸಾಗಿಸುವ ಕಾಲುವೆ ಹೀಗೆ ಆಗಲೇ ಇದೆ. ಅದೇ ಕಾಲುವೆಯಲ್ಲಿ ಅಂಕಿಗಳು ಮೇಲಿನಿಂದ ಕೆಳಕ್ಕೆ, ಕೊಟ್ಟವರ ಊರಿಗೆ, ಮರಳಿ ಹರಿಯಬೇಕು. ನಾವು ಕೇಳಬೇಕಾದದ್ದು ಇಷ್ಟೆ.

ನೀವು ಒಂಬತ್ತನೆಯ ತರಗತಿಯವರು. ಸರಾಸರಿ, ಶೇಕಡಾವಾರುಗಳನ್ನು ಕಲಿತವರು. ಯಾರಾದರೂ ನಿಮ್ಮ ಮುಂದೆ ಒಂದು ಅಂಕಿಯನ್ನು ಇಟ್ಟಾಗ ಮೂರು ಪ್ರಶ್ನೆಗಳನ್ನು ಕೇಳಿರಿ: ಇದು ಯಾವ ಊರಿನದು? ಎಷ್ಟು ಜನರನ್ನು ನೋಡಿ ಹೇಳಿದ್ದು? ಇದರಲ್ಲಿ ಸೇರದೆ ಹೋದವರು ಯಾರು? ಈ ಮೂರು ಪ್ರಶ್ನೆಗಳನ್ನು ಕೇಳಬಲ್ಲ ಮಕ್ಕಳಿರುವ ಊರನ್ನು ಯಾವ ಸರಾಸರಿಯೂ ಮೋಸಗೊಳಿಸಲಾರದು. ಕಾಲುವೆಯಲ್ಲಿ ನೀರು ಬಿಟ್ಟಿದ್ದಾರೆಂಬ ಸುದ್ದಿ ಕೇಳಿದ ಮೇಲೂ ಕೊನೆಯ ಹೊಲದ ರೈತನು ಬುತ್ತಿ ಕಟ್ಟಿಕೊಂಡು ತೂಬಿನವರೆಗೆ ನಡೆದು ಹೋಗಿ ಬಗ್ಗಿ ನೋಡುತ್ತಾನೆ. ಅವನು ಸುದ್ದಿಯನ್ನು ಅಪನಂಬುವವನಲ್ಲ. ತನ್ನ ಪೈರನ್ನು ಪ್ರೀತಿಸುವವನು.